ಚರ್ಚ್ ಕಟ್ಟಡಕ್ಕೆ ದುಡಿದ ಸ್ವಯಂಸೇವಕರಿಗೆ ಕೃತಜ್ಞತೆ ಸಲ್ಲಿಸುವ ಬಗೆ

ಕರಾವಳಿಯ ಊರುಗಳಲ್ಲಿ ಹೊಸ ಚರ್ಚ್ ಲೋಕಾರ್ಪಣೆಗೊಂಡ ದಿನ, ಸಭಾ ಕಾರ್ಯಕ್ರಮದ ಕೊನೆಯಲ್ಲಿ ವಂದನಾರ್ಪಣೆಗೆ ನಿಂತವರು ಧರ್ಮಾಧ್ಯಕ್ಷರಿಂದ (ಬಿಷಪರಿಂದ) ಆರಂಭಿಸಿ ಸಚಿವರು, ಶಾಸಕರು, ದಾನಿಗಳು, ಗುತ್ತಿಗೆದಾರರು, ಶಾಮಿಯಾನದವರು, ಧ್ವನಿವರ್ಧಕದವರು ಎಂದು ಒಬ್ಬೊಬ್ಬರನ್ನೇ ಹೆಸರಿಸಿ, ಕೊನೆಗೆ ‘ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ’ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ವರ್ಷಗಟ್ಟಲೆ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಮನೆಗೆ ಹೋಗದೆ ಕೆಂಪುಕಲ್ಲು ಹೊತ್ತವರು, ಕಂಬಗಳಿಗೆ ಸುತ್ತಿದ ಗೋಣಿಗೆ ದಿನವೂ ನೀರು ಹಾಕಿದವರು, ಶ್ರಮದಾನಕ್ಕೆ ಬಂದವರಿಗೆ ಗಂಜಿ ಬೇಯಿಸಿದವರು, ಎಲ್ಲರೂ ಆ ಒಂದು ಮಾತಿನ ಪಾಲಾಗುತ್ತಾರೆ. ಇದರ ಹಿಂದೆ ಯಾರ ದುರುದ್ದೇಶವೂ ಇರುವುದಿಲ್ಲ. ಹಣ ಕೊಟ್ಟವರಿಗೆ ರಸೀದಿ ಹರಿದು ಕೊಡುತ್ತೇವೆ, ಆದ್ದರಿಂದ ಅವರ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ; ಮೈಬೆವರು ಕೊಟ್ಟವರಿಗೆ ರಸೀದಿ ಇಲ್ಲ, ಹಾಗಾಗಿ ಪಟ್ಟಿಯೂ ಇಲ್ಲ. ಕೃತಜ್ಞತೆ ಸಲ್ಲಿಸುವ ಕೆಲಸವನ್ನು ಲೋಕಾರ್ಪಣೆಗೆ ಎರಡು ವಾರವಿದೆ ಎನ್ನುವಾಗ ಕೈಗೆತ್ತಿಕೊಳ್ಳುವ ಪಾಲನಾ ಮಂಡಳಿಗಳು ಎಡವುವುದು ಇಲ್ಲಿಯೇ. ಆ ಕೆಲಸ ಅಡಿಗಲ್ಲು ಹಾಕಿದ ದಿನವೇ ಆರಂಭವಾಗಬೇಕು.

ಮೊದಲು ಒಂದು ಪುಸ್ತಕ

ಕಥೋಲಿಕ ಸಭೆಯಲ್ಲಿ ಇದಕ್ಕೆ ಆಧಾರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1977ರಲ್ಲಿ ಪರಿಷ್ಕರಣೆಗೊಂಡು ಪ್ರಕಟವಾದ ಚರ್ಚ್ ಪ್ರತಿಷ್ಠಾಪನಾ ವಿಧಿಯ ಪ್ರಕಾರ, ವಿಧಿಯ ಆರಂಭದಲ್ಲಿಯೇ ಕಟ್ಟಡಕ್ಕಾಗಿ ದುಡಿದವರ ಪ್ರತಿನಿಧಿಗಳು, ಎಂದರೆ ಧರ್ಮಕೇಂದ್ರದ ಭಕ್ತರು, ದಾನಿಗಳು, ವಾಸ್ತುಶಿಲ್ಪಿಗಳು ಮತ್ತು ಕೆಲಸಗಾರರು, ಕಟ್ಟಡವನ್ನು ಧರ್ಮಾಧ್ಯಕ್ಷರಿಗೆ ಒಪ್ಪಿಸುತ್ತಾರೆ. ಒಪ್ಪಿಸಿದ್ದಕ್ಕೆ ಗುರುತಾಗಿ ಜಾಗದ ದಾಖಲೆಪತ್ರ, ಬೀಗದ ಕೈ, ಕಟ್ಟಡದ ನಕ್ಷೆ, ಇಲ್ಲವೇ ಕೆಲಸ ಸಾಗಿಬಂದ ಬಗೆಯನ್ನೂ ಅದರ ಹೊಣೆ ಹೊತ್ತವರ ಮತ್ತು ದುಡಿದವರ ಹೆಸರುಗಳನ್ನೂ ಬರೆದಿಟ್ಟ ಪುಸ್ತಕ, ಇವುಗಳಲ್ಲಿ ಊರಿಗೆ ತಕ್ಕದ್ದನ್ನು ಕೊಡಬಹುದೆಂದು ವಿಧಿಯೇ ಹೇಳುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಬೀಗದ ಕೈಯನ್ನೇ. ಹೂವು ಹಾಸಿದ ತಟ್ಟೆಯಲ್ಲಿಟ್ಟ ಬೀಗದ ಕೈ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಪುಸ್ತಕಕ್ಕೆ ವಿಧಿಯಲ್ಲಿಯೇ ಜಾಗವಿರುವಾಗ ಅದನ್ನು ಬಿಟ್ಟುಬಿಡುವುದಕ್ಕೆ ಕಾರಣವಿಲ್ಲ, ಮತ್ತು ಆ ಪುಸ್ತಕವಿದ್ದರೆ ಮುಂದೆ ಹೇಳುವ ಎಲ್ಲ ಕೆಲಸಗಳೂ ಅರ್ಧ ಹಗುರವಾಗುತ್ತವೆ.

ಅಗಲವಾದ, ಗಟ್ಟಿ ರಟ್ಟಿನ ಲೆಕ್ಕದ ಪುಸ್ತಕವೊಂದನ್ನು ತಂದು, ಅದನ್ನು ಬರೆಯುವ ಹೊಣೆಯನ್ನು ಕಟ್ಟಡ ಸಮಿತಿಯ ಕಾರ್ಯದರ್ಶಿಗಲ್ಲದೆ ಬೇರೊಬ್ಬರಿಗೆ ವಹಿಸಿರಿ. ಕಾರ್ಯದರ್ಶಿಗೆ ಜಲ್ಲಿ, ಹೊಯಿಗೆ, ಕಬ್ಬಿಣದ ಬಿಲ್ಲುಗಳೇ ಸಾಕಷ್ಟಿರುತ್ತವೆ. ಪ್ರಧಾನ ಧರ್ಮಗುರುಗಳಿಗೆ ಕಟ್ಟಡ ಮುಗಿಯುವ ಮೊದಲೇ ವರ್ಗಾವಣೆಯಾಗಬಹುದು. ಊರಿನಲ್ಲಿಯೇ ಇರುವ ನಿವೃತ್ತ ಶಿಕ್ಷಕಿಯೊಬ್ಬರು ಮತ್ತು ಯುವಜನ ಸಂಘಟನೆಯ ಒಬ್ಬ ಹುಡುಗ ಅಥವಾ ಹುಡುಗಿ, ಹೀಗೆ ಇಬ್ಬರಿದ್ದರೆ ಒಬ್ಬರು ತಪ್ಪಿಸಿಕೊಂಡ ದಿನ ಇನ್ನೊಬ್ಬರು ಬರೆಯುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಫೋಟೊಗಳಿವೆಯಲ್ಲ ಎಂದು ಸುಮ್ಮನಿರುವವರು ಬಹಳ. ಫೋನ್ ಬದಲಾಯಿಸಿದೊಡನೆ ಆ ಫೋಟೊಗಳ ಗತಿ ಏನಾಗುತ್ತದೆಂಬುದು ಅವರಿಗೂ ಗೊತ್ತು.

ಬರೆಯಬೇಕಾದ್ದು ದೀರ್ಘವಾಗಿರಬೇಕಿಲ್ಲ, ನಿರ್ದಿಷ್ಟವಾಗಿದ್ದರೆ ಸಾಕು. ಒಂದು ಪುಟ ಹೀಗಿರಬಹುದು (ವಾಳೆ ಎಂದರೆ ಚರ್ಚ್ ವ್ಯಾಪ್ತಿಯ ಒಂದು ವಿಭಾಗ, ಗುರಿಕಾರರು ಅದರ ಮುಖಂಡರು): ‘ಮಾರ್ಚ್ ತಿಂಗಳ ಎರಡನೆಯ ಭಾನುವಾರ. ಕೆಳಗಿನ ವಾಳೆಯವರ ಸರದಿ. ಹಳೆಯ ಮಾಡಿನ ಬಡಗು ಬದಿಯ ಹಂಚು ಇಳಿಸಿದ್ದು. ಏಣಿಯ ಮೇಲೆ ಇಬ್ಬರು, ಕೈಯಿಂದ ಕೈಗೆ ದಾಟಿಸಲು ಸಾಲಿನಲ್ಲಿ ಹದಿನಾಲ್ಕು ಮಂದಿ, ಹೆಸರುಗಳು ಕೆಳಗಿವೆ. ಒಡೆಯದ ಹಂಚನ್ನು ತೊಳೆದು ಶಾಲೆಯ ಹಿಂದೆ ಜೋಡಿಸಿದ್ದು ಸ್ತ್ರೀ ಸಂಘಟನೆಯವರು. ಹತ್ತು ಗಂಟೆಯ ಚಾ ಮತ್ತು ಅವಲಕ್ಕಿ ಬಾವಿಕಟ್ಟೆ ಮನೆಯವರದು. ಪಿಕಪ್ ಪಕ್ಕದ ಅಂಗಡಿಯವರದು, ಬಾಡಿಗೆ ತೆಗೆದುಕೊಂಡಿಲ್ಲ.’ ಇಷ್ಟನ್ನು ಬರೆಯಲು ಹತ್ತು ನಿಮಿಷ ಸಾಕು. ವಾಳೆಯ ಗುರಿಕಾರರು ಅದೇ ದಿನ ಓದಿ ಸಹಿ ಹಾಕಿದರೆ ಬಿಟ್ಟುಹೋದ ಹೆಸರು ಅಲ್ಲಿಯೇ ಸೇರಿಕೊಳ್ಳುತ್ತದೆ.

ಈಗಾಗಲೇ ಕಟ್ಟಡ ಮುಗಿದಿದ್ದು ಪುಸ್ತಕವಿಲ್ಲದಿದ್ದರೆ, ಪ್ರತಿ ವಾಳೆಯಲ್ಲಿ ಒಂದು ಸಂಜೆ ಕೂತು, ಕೆಲಸದ ಹಂತಗಳನ್ನು ಒಂದೊಂದಾಗಿ ಓದಿ ಹೇಳಿರಿ: ಹಳೆಯ ಕಟ್ಟಡ ಬಿಚ್ಚಿದ್ದು, ಪಾಯ ತೋಡಿದ್ದು, ಸ್ಲ್ಯಾಬ್ ಹಾಕಿದ್ದು, ನೀರು ಬಿಟ್ಟದ್ದು, ಬಣ್ಣ ಬಳಿದದ್ದು. ‘ಯಾರೆಲ್ಲ ಸಹಾಯ ಮಾಡಿದ್ದರು?’ ಎಂದು ಕೇಳಿದರೆ ನಾಲ್ಕು ಹೆಸರು ಬರುತ್ತದೆ. ‘ಸ್ಲ್ಯಾಬ್ ಹಾಕಿದ ರಾತ್ರಿ ಮಳೆ ಬಂದಾಗ ಟಾರ್ಪಾಲು ಎಳೆದವರು ಯಾರು?’ ಎಂದು ಕೇಳಿದರೆ ಇಡೀ ಕೋಣೆ ಮಾತಾಡತೊಡಗುತ್ತದೆ.

ಪಟ್ಟಿಯಿಂದ ಜಾರುವವರು

ಕಲ್ಲು ಹೊರುವುದು ಎಲ್ಲರ ಕಣ್ಣಿಗೆ ಬೀಳುವ ಕೆಲಸ, ಆದ್ದರಿಂದ ಅದನ್ನು ಮಾಡಿದವರ ನೆನಪು ಹೇಗೋ ಉಳಿಯುತ್ತದೆ. ಕಾಂಕ್ರೀಟ್ ಹಾಕಿದ ಮರುದಿನದಿಂದ ಆರಂಭವಾಗುವ ಕೆಲಸ ಹಾಗಲ್ಲ. ಸಾಮಾನ್ಯ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಬಿಸಿಲು ಬಿರುಸಾಗಿದ್ದರೆ 10 ದಿನವಾದರೂ ಒದ್ದೆಯಾಗಿ ಇಡಬೇಕೆಂಬುದು ನಿಯಮ; ಸ್ಲ್ಯಾಬಿನ ಮೇಲೆ ಸಣ್ಣ ಕಟ್ಟೆಗಳನ್ನು ಕಟ್ಟಿ ನೀರು ನಿಲ್ಲಿಸುತ್ತಾರೆ, ಕಂಬಗಳಿಗೆ ಗೋಣಿ ಸುತ್ತಿ ಬೆಳಿಗ್ಗೆ ಸಂಜೆ ನೀರು ಹಾಕುತ್ತಾರೆ. ಇದನ್ನು ಸರಿಯಾಗಿ ಮಾಡದಿದ್ದರೆ ಕಾಂಕ್ರೀಟಿಗೆ ಬರಬೇಕಾದ ಬಲ ಬರುವುದಿಲ್ಲ, ಮೇಲ್ಮೈಯಲ್ಲಿ ಬಿರುಕು ಕಾಣಿಸುತ್ತದೆ. ಈ ನೀರು ಹಾಕುವವರು ಬಹುತೇಕ ಚರ್ಚ್‌ನ ಪಕ್ಕದ ಒಂದೆರಡು ಮನೆಯವರೇ ಆಗಿರುತ್ತಾರೆ. ಆಗ ಅಲ್ಲಿ ಫೋಟೊ ತೆಗೆಯುವವರೂ ಇರುವುದಿಲ್ಲ, ಚಾ ತರುವವರೂ ಇರುವುದಿಲ್ಲ. ಇಡೀ ಯೋಜನೆಯಲ್ಲಿ ಒಬ್ಬರಿಗೆ ಮಾತ್ರ ಶಾಲು ಹೊದಿಸಲು ಅವಕಾಶವಿದ್ದರೆ ನಾನು ಅದನ್ನು ಅವರಿಗೇ ಹೊದಿಸುತ್ತೇನೆ.

ಹೀಗೆಯೇ ಮರೆಗೆ ಸರಿಯುವವರು ಇನ್ನೂ ಇದ್ದಾರೆ. ಪರವಾನಗಿಯ ಕಡತ ಹಿಡಿದು ಪಂಚಾಯಿತಿ ಕಚೇರಿಗೆ ಅಲೆದವರು, ಗುತ್ತಿಗೆದಾರರ ಅಳತೆಗೂ ಬಿಲ್ಲಿಗೂ ತಾಳೆ ನೋಡಿದವರು, ಶುಲ್ಕ ಪಡೆಯದೆ ಬಂದುಹೋದ ಎಂಜಿನಿಯರ್, ಕಟ್ಟಡ ಏಳುವ ತನಕ ಶಾಲಾ ಸಭಾಂಗಣದಲ್ಲಿ ನಡೆದ ಪೂಜೆಗೆ ಪ್ರತಿ ವಾರವೂ ಪೀಠ ಸಜ್ಜುಗೊಳಿಸಿ ಮತ್ತೆ ಬೆಂಚುಗಳನ್ನು ತರಗತಿಗೆ ಒಯ್ದಿಟ್ಟವರು, ಕೀಬೋರ್ಡ್ ಹೊತ್ತ ಗಾಯನ ಮಂಡಳಿಯವರು, ಮುಂಬಯಿ, ಕುವೈತ್, ದುಬೈಗಳಲ್ಲಿದ್ದುಕೊಂಡು ರಜೆಯ ದಿನ ಊರಿನವರ ಬಾಗಿಲು ತಟ್ಟಿ ನಿಧಿ ಸಂಗ್ರಹಿಸಿದವರು. ಗಂಡಸರೆಲ್ಲ ಭಾನುವಾರ ಶ್ರಮದಾನಕ್ಕೆ ನಡೆದ ಮೇಲೆ ಮನೆಯ ಕೆಲಸ, ದನಕರು, ತೋಟದ ನೀರು ಎಲ್ಲವನ್ನೂ ಒಬ್ಬರೇ ನೋಡಿಕೊಂಡ ಗೃಹಿಣಿಯರ ಹೆಸರು ಯಾವ ಹಾಜರಿಯಲ್ಲಿಯೂ ಬರುವುದಿಲ್ಲ. ಕುಟುಂಬದ ಹೆಸರಿನಲ್ಲಿ ಪತ್ರ ಬರೆಯುವಾಗ ಅವರನ್ನು ಮೊದಲು ಸಂಬೋಧಿಸುವುದು ಇದಕ್ಕೆ ಸರಳವಾದ ಪರಿಹಾರ.

ನೆರೆಯ ಅನ್ಯಧರ್ಮೀಯರ ಸಹಾಯವೂ ನಮ್ಮ ಕಡೆ ಸಣ್ಣದಲ್ಲ. ಬಾವಿಯಿಂದ ನೀರು ಕೊಟ್ಟವರು, ಟ್ರ್ಯಾಕ್ಟರ್ ಕಳುಹಿಸಿದವರು, ಲೋಕಾರ್ಪಣೆಯ ಹೊರೆಕಾಣಿಕೆಗೆ ಬಾಳೆಗೊನೆ, ತೆಂಗಿನಕಾಯಿ ತಂದವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಮೈಸೂರಿನ ಸಂತ ಫಿಲೋಮಿನಾ ಚರ್ಚ್‌ಗೆ 1933ರಲ್ಲಿ ಅಡಿಗಲ್ಲು ಇರಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರ್ ಎಂಬುದು ಎಲ್ಲರ ನೆನಪಿನಲ್ಲಿದೆ. ಮಹಾರಾಜರನ್ನು ನೆನೆಯುವಷ್ಟೇ ಸಹಜವಾಗಿ ಬಾವಿಯ ನೀರು ಕೊಟ್ಟ ನೆರೆಮನೆಯವರನ್ನೂ ನೆನೆಯಬೇಕು. ಅವರನ್ನು ‘ಸರ್ವಧರ್ಮ ಸಮನ್ವಯ’ದ ಪ್ರತೀಕವಾಗಿ ವೇದಿಕೆಗೆ ಕರೆಯುವುದಕ್ಕಿಂತ, ನೀರು ಕೊಟ್ಟವರೆಂದು ಹೆಸರು ಹಿಡಿದು ಕರೆಯುವುದೇ ಅವರಿಗೆ ಹೆಚ್ಚು ಹಿತವಾಗಿರುತ್ತದೆ.

ಎಡಗೈಗೆ ತಿಳಿಯಬಾರದು ಎಂಬ ಮಾತು

ಹೆಸರುಗಳ ಪಟ್ಟಿಯ ಪ್ರಸ್ತಾಪ ಬಂದೊಡನೆ ಸಮಿತಿಯಲ್ಲಿ ಯಾರಾದರೊಬ್ಬರು ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯವನ್ನು ನೆನಪಿಸುತ್ತಾರೆ: ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು, ದೇವರಿಗಾಗಿ ಮಾಡಿದ ಸೇವೆಗೆ ಸನ್ಮಾನವೇಕೆ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ, ಆದರೆ ಆ ಮಾತು ಕೊಡುವವನಿಗೆ ಹೇಳಿದ್ದು, ಪಡೆದವರಿಗಲ್ಲ. ಪಡೆದ ಸಭೆ ಮರೆಯಬಹುದೆಂದು ಬೈಬಲ್ ಎಲ್ಲಿಯೂ ಹೇಳುವುದಿಲ್ಲ. ಬದಲಾಗಿ, ಜೆರುಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿದ ವೃತ್ತಾಂತವಿರುವ ನೆಹೆಮೀಯನ ಗ್ರಂಥದ ಮೂರನೆಯ ಅಧ್ಯಾಯವೆಂಬುದು ಬಹುಮಟ್ಟಿಗೆ ಒಂದು ಶ್ರಮದಾನದ ಪಟ್ಟಿಯೇ: ಯಾವ ಬಾಗಿಲನ್ನು ಯಾರು ನಿಲ್ಲಿಸಿದರು, ಅವರ ಪಕ್ಕದ ಭಾಗವನ್ನು ಯಾರು ಕಟ್ಟಿದರು ಎಂಬುದೆಲ್ಲ ಅಲ್ಲಿದೆ. ಅಕ್ಕಸಾಲಿಗರು, ಸುಗಂಧದ್ರವ್ಯ ಮಾಡುವವರು, ವ್ಯಾಪಾರಿಗಳು ಕಲ್ಲು ಕಟ್ಟಿದ್ದಾರೆ. ಶಲ್ಲೂಮನೆಂಬವನು ತನ್ನ ಹೆಣ್ಣುಮಕ್ಕಳೊಂದಿಗೆ ದುಡಿದದ್ದು ದಾಖಲಾಗಿದೆ. ತೆಕೋವದ ಊರವರು ದುಡಿದರೂ ಅವರ ಶ್ರೀಮಂತರು ಹೆಗಲು ಕೊಡಲಿಲ್ಲ ಎಂಬುದನ್ನೂ ಬಿಟ್ಟಿಲ್ಲ. (ಈ ಕೊನೆಯ ಪದ್ಧತಿಯನ್ನು ನಮ್ಮ ಸ್ಮರಣ ಸಂಚಿಕೆಗಳು ಅನುಸರಿಸಬೇಕೆಂದು ನಾನು ಸೂಚಿಸುತ್ತಿಲ್ಲ.)

ಹೇಗೆ ಹೇಳಬೇಕೆಂಬುದಕ್ಕೆ ಮಾದರಿ ಬೇಕಿದ್ದರೆ ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರದ ಹದಿನಾರನೆಯ ಅಧ್ಯಾಯವನ್ನು ನೋಡಬಹುದು. ಅಲ್ಲಿ ಹೆಸರಿನೊಡನೆ ಮಾಡಿದ ಕೆಲಸವೂ ಇದೆ: ಇವಳು ನಿಮಗಾಗಿ ಬಹಳ ದುಡಿದವಳು, ಇವರು ನನ್ನ ಪ್ರಾಣಕ್ಕಾಗಿ ತಮ್ಮ ಕುತ್ತಿಗೆ ಒಡ್ಡಿದವರು. ನಮ್ಮ ವಂದನಾರ್ಪಣೆಗೂ ಇದೇ ಸೂತ್ರ ಸಾಕು: ಹೆಸರು, ಮಾಡಿದ ಕೆಲಸ, ಅದರಿಂದ ಆದ ಅನುಕೂಲ. ‘ಅಪಾರ ಸೇವೆ’, ‘ನಿಸ್ವಾರ್ಥ ಮನೋಭಾವ’ ಎಂಬ ಮಾತುಗಳನ್ನು ಯಾರ ಬಗ್ಗೆ ಬೇಕಾದರೂ ಹೇಳಬಹುದಾದ್ದರಿಂದ, ಹೇಳಿಸಿಕೊಂಡವರಿಗೂ ಅದರಿಂದ ಹೆಚ್ಚು ಸಂತೋಷವಾಗುವುದಿಲ್ಲ.

ಆದರೂ ಹೆಸರು ಹೇಳುವುದು ಬೇಡ ಎನ್ನುವವರು ನಿಜವಾಗಿಯೂ ಇರುತ್ತಾರೆ. ಮುಂಚಿತವಾಗಿ ಕೇಳಿ ತಿಳಿದುಕೊಂಡು, ಅವರ ಇಚ್ಛೆಯನ್ನು ಗೌರವಿಸಿ, ಧರ್ಮಗುರುಗಳು ಖುದ್ದಾಗಿ ಮನೆಗೆ ಹೋಗಿ ಬರುವ ಏರ್ಪಾಡು ಮಾಡಿರಿ. ವೇದಿಕೆಯಲ್ಲಿ ಎಳೆದು ನಿಲ್ಲಿಸುವುದು ಅಂಥವರಿಗೆ ಶಿಕ್ಷೆ.

ಕೊಡುವುದು ಏನು, ಯಾವಾಗ

ಲೋಕಾರ್ಪಣೆಯ ದಿನವೇ ಎಲ್ಲವನ್ನೂ ಮುಗಿಸುವ ಆಸೆಯನ್ನು ಬಿಡಬೇಕು. ಆ ದಿನ ದೀರ್ಘವಾದ ಪ್ರತಿಷ್ಠಾಪನಾ ವಿಧಿಯಿದೆ, ಪೀಠಕ್ಕೂ ಗೋಡೆಗಳಿಗೂ ಕ್ರಿಸ್ಮ ಎಂಬ ಪವಿತ್ರ ತೈಲದ ಅಭಿಷೇಕವಿದೆ, ಆಮೇಲೆ ಗಣ್ಯರ ಸಭೆಯಿದೆ. ನೂರು ಜನರನ್ನು ಒಬ್ಬೊಬ್ಬರನ್ನಾಗಿ ಕರೆದು ಶಾಲು ಹೊದಿಸಲು ಹೊರಟರೆ ಮೂವತ್ತನೆಯವರ ಹೊತ್ತಿಗೆ ಸಭಿಕರು ಊಟದ ಕಡೆ ನಡೆದಿರುತ್ತಾರೆ. ಆ ದಿನಕ್ಕೆ ಎರಡೇ ಕೆಲಸ ಸಾಕು. ಮೊದಲನೆಯದು, ಬೀಗದ ಕೈಯ ಜೊತೆಗೆ ಹೆಸರುಗಳ ಪುಸ್ತಕವನ್ನು ಧರ್ಮಾಧ್ಯಕ್ಷರಿಗೆ ಒಪ್ಪಿಸುವುದು, ಮತ್ತು ಒಪ್ಪಿಸುವ ಕೈಗಳಲ್ಲಿ ಒಂದು ಮೇಸ್ತ್ರಿಯದ್ದೂ ಒಂದು ನೀರು ಹಾಕಿದವರದ್ದೂ ಆಗಿರುವಂತೆ ನೋಡಿಕೊಳ್ಳುವುದು. ಇದಕ್ಕಾಗಿ ವಿಧಿಯ ಹೊಣೆ ಹೊತ್ತ ಗುರುಗಳೊಂದಿಗೆ ತಿಂಗಳ ಮೊದಲೇ ಮಾತಾಡಿರಬೇಕು. ಎರಡನೆಯದು, ಕೂರುವ ವ್ಯವಸ್ಥೆ. ಮುಂದಿನ ಸಾಲುಗಳನ್ನು ಗಣ್ಯರಿಗೆ ಮೀಸಲಿಟ್ಟು, ಕಟ್ಟಿದವರು ಹೊರಗಿನ ಶಾಮಿಯಾನದಲ್ಲಿ ಪರದೆಯ ಮೇಲೆ ವಿಧಿಯನ್ನು ನೋಡುವಂತಾದರೆ ಆಮೇಲೆ ಯಾವ ಸ್ಮರಣಿಕೆಯೂ ಅದನ್ನು ಸರಿಪಡಿಸದು.

ಅದರ ನಂತರದ ತಿಂಗಳಲ್ಲಿ ಒಂದು ಭಾನುವಾರವನ್ನು ಕೃತಜ್ಞತೆಯ ದಿನವೆಂದು ಗೊತ್ತುಮಾಡಿರಿ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲವನ್ನೂ ಕ್ರಿಸ್ಮಸ್‌ಗೆ ಮುಂಚಿನ ಆಗಮನಕಾಲವನ್ನೂ ಬಿಟ್ಟು ದಿನ ಆರಿಸುವುದು ಒಳ್ಳೆಯದು. ಮಾತೆ ಮರಿಯಳ ಜನ್ಮದಿನವಾದ ಸಪ್ಟೆಂಬರ್ 8ರ ಮೊಂತಿ ಹಬ್ಬದ ಆಸುಪಾಸಾದರೆ ಹೊಸ ತೆನೆಯ ಕೃತಜ್ಞತೆಯೊಂದಿಗೆ ಇದೂ ಸೇರಿಕೊಳ್ಳುತ್ತದೆ. ಪೂಜೆಯಲ್ಲಿ ಭಕ್ತರ ಪ್ರಾರ್ಥನೆಯ ವೇಳೆ ವಾಳೆವಾರು ಹೆಸರುಗಳನ್ನು ನಿಧಾನವಾಗಿ ಓದಿಸಿರಿ. ಬಳಿಕ ಊಟ, ಮತ್ತು ಅಂದು ಬಡಿಸುವವರು ಕಟ್ಟಡ ಸಮಿತಿಯವರೂ ಪಾಲನಾ ಮಂಡಳಿಯ ಪದಾಧಿಕಾರಿಗಳೂ ಆಗಿರಬೇಕು. ಮೂರು ವರ್ಷ ಗಂಜಿ ಬೇಯಿಸಿದ ಹೆಂಗಸರನ್ನು ಆ ದಿನವೂ ಅಡಿಗೆಮನೆಗೆ ಕಳುಹಿಸುವ ಸಮಿತಿಗಳಿವೆ. ಹಾಗಾಗದಂತೆ ಅಡಿಗೆಯನ್ನು ಹೊರಗಿನವರಿಗೆ ವಹಿಸಿ, ಆ ಹೆಂಗಸರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿರಿ. ಅಕ್ಕಿಯ ‘ಸಣ್ಣ’, ಮಾಂಸದ ‘ಬಾಫತ್’ ಇರಲಿ, ಆದರೆ ಕರೆದ ನೆರೆಯವರಿಗಾಗಿ ಸಸ್ಯಾಹಾರದ ಅಡಿಗೆಯೂ ಪಾತ್ರೆ ಸೌಟುಗಳ ಸಮೇತ ಬೇರೆಯಾಗಿಯೇ ಇರಬೇಕು.

ಸ್ಮರಣಿಕೆಯ ವಿಷಯದಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ, ಗಾಜಿನ ಫಲಕಗಳ ಜಾಡನ್ನು ಬಿಟ್ಟು ಯೋಚಿಸಬಹುದು. ಹಳೆಯ ಚರ್ಚ್ ಬಿಚ್ಚಿ ಹೊಸದು ಕಟ್ಟಿದ್ದರೆ, ಕೊಡಬೇಕಾದ ವಸ್ತು ಶಾಲೆಯ ಹಿಂದೆ ಜೋಡಿಸಿಟ್ಟ ರಾಶಿಯಲ್ಲಿಯೇ ಇದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಈ ಭಾಗದ ಚರ್ಚ್‌ಗಳೂ ಮನೆಗಳೂ ಶಾಲೆಗಳೂ ಹೊದ್ದುಕೊಂಡದ್ದು ಅಂಥ ಕೆಂಪು ಹಂಚನ್ನೇ. ಹಂಚಿನ ಮೈಮೇಲೆ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಮೂಡಿರುತ್ತದೆ. ಅಂಥ ಒಂದು ಹಂಚನ್ನು ಪಾಚಿ ಹೋಗುವಂತೆ ಉಜ್ಜಿ ಒಣಗಿಸಿ, ಒಳಬದಿಯಲ್ಲಿ ಪಡೆಯುವವರ ಹೆಸರನ್ನೂ ಅವರು ಮಾಡಿದ ಕೆಲಸವನ್ನೂ ಬಣ್ಣದಲ್ಲಿ ಬರೆದು ಕೊಟ್ಟರೆ ಖರ್ಚು ಬಣ್ಣದ್ದಷ್ಟೇ. ಹಳೆಯ ಮಾಡಿನ ಪಕ್ಕಾಸುಗಳ ಮರದಿಂದ ಊರಿನ ಬಡಗಿಯವರ ಕೈಯಲ್ಲಿ ಸಣ್ಣ ಶಿಲುಬೆಗಳನ್ನು ಮಾಡಿಸಿದರೂ ಆದೀತು. ಸ್ಮರಣಿಕೆಗೆಂದು ಕಟ್ಟಡ ನಿಧಿಯಿಂದ ಹಣ ತೆಗೆಯಬಾರದು. ಬಂದ ಕಾಣಿಕೆ ಕಟ್ಟಡಕ್ಕೆಂದು ಬಂದದ್ದು.

ಸ್ಮರಣಿಕೆಗಿಂತ ಪತ್ರವೇ ಮೇಲು ಎಂಬುದು ನನ್ನ ಅಭಿಪ್ರಾಯ, ಅದೂ ಧರ್ಮಗುರುಗಳ ಕೈಬರಹದಲ್ಲಿ, ಅವರವರ ಮನೆಮಾತಿನಲ್ಲಿ, ಕೊಂಕಣಿಯಾಗಲಿ, ತುಳುವಾಗಲಿ, ಕನ್ನಡವಾಗಲಿ. ‘ಗೋಪುರದ ಕಂಬಗಳಿಗೆ ನೀವೂ ನಿಮ್ಮ ಮಗನೂ ಬೇಸಿಗೆಯುದ್ದಕ್ಕೂ ನೀರು ಹಾಕಿದಿರಿ. ಎಂಜಿನಿಯರ್ ಬಂದು ನೋಡಿ, ಒಂದು ಕೂದಲೆಳೆ ಬಿರುಕೂ ಇಲ್ಲ ಎಂದರು. ಇದನ್ನು ನಿಮಗೆ ತಿಳಿಸಬೇಕೆನಿಸಿತು’ ಎಂಬ ಮೂರು ಸಾಲಿನ ಪತ್ರವನ್ನು ಜನ ಬೈಬಲಿನೊಳಗೆ ಇಟ್ಟುಕೊಳ್ಳುತ್ತಾರೆ. ನೂರು ಪತ್ರಗಳನ್ನು ಒಮ್ಮೆಲೇ ಬರೆಯಲಾಗದು. ದಿನಕ್ಕೆ ನಾಲ್ಕೈದರಂತೆ ಬರೆದರೆ ತಿಂಗಳೊಳಗೆ ಮುಗಿಯುತ್ತದೆ. ಹೊರದೇಶದಲ್ಲಿರುವವರಿಗೆ ಪತ್ರದ ಜೊತೆ, ಅವರು ಸಂಗ್ರಹಿಸಿದ ಹಣದಿಂದ ಆದ ಕೆಲಸದ ಫೋಟೊ ಕಳುಹಿಸಿರಿ.

ಶಿಲಾಫಲಕದ ಬಗ್ಗೆ ಒಂದು ಮಾತು. ದಾನಿಗಳ ಹೆಸರನ್ನು ಮೊತ್ತದ ಇಳಿಕೆಯ ಕ್ರಮದಲ್ಲಿ ಕೆತ್ತಿಸುವ ರೂಢಿ ಎಲ್ಲ ಕಡೆಯೂ ಇದೆ, ಅದನ್ನು ನಿಲ್ಲಿಸುವುದು ಕಷ್ಟವೂ ಹೌದು. ಆದರೆ ಅದೇ ಅಳತೆಯ, ಅದೇ ಕಲ್ಲಿನ, ಅದೇ ಎತ್ತರದಲ್ಲಿ ನಿಲ್ಲಿಸಿದ ಇನ್ನೊಂದು ಫಲಕದಲ್ಲಿ ಶ್ರಮದಾನಿಗಳ ಹೆಸರನ್ನು ಅಕಾರಾದಿಯಾಗಿ ಕೆತ್ತಿಸಲು ಯಾವ ಅಡ್ಡಿಯೂ ಇಲ್ಲ. ಕೆತ್ತಿಸುವ ಮೊದಲು ಕರಡು ಪಟ್ಟಿಯನ್ನು ಒಂದು ತಿಂಗಳು ಬಾಗಿಲ ಬಳಿಯ ಸೂಚನಾ ಫಲಕದಲ್ಲಿ, ದಾರದಲ್ಲಿ ಕಟ್ಟಿದ ಪೆನ್ನಿನ ಸಮೇತ ತೂಗುಹಾಕಿರಿ. ಕಾಗದದ ಮೇಲಿನ ತಪ್ಪನ್ನು ತಿದ್ದಬಹುದು, ಕಲ್ಲಿನ ಮೇಲಿನದನ್ನಲ್ಲ. 1799ರ ಬಳಿಕ ಟಿಪ್ಪು ಸುಲ್ತಾನನ ಸೆರೆಯಿಂದ ಮರಳಿ ಬಂದ ಕರಾವಳಿಯ ಕ್ರೈಸ್ತರು ಮತ್ತೆ ಕಟ್ಟಿಕೊಂಡ ಚರ್ಚ್‌ಗಳ ಜಾಗದಲ್ಲಿ ನಮ್ಮ ಅನೇಕ ಹೊಸ ಕಟ್ಟಡಗಳು ಎದ್ದಿವೆ. ಹಳೆಯ ಕಟ್ಟಡದ ಗೋಡೆಯಲ್ಲಿದ್ದ ಹೆಸರಿನ ಕಲ್ಲುಗಳನ್ನು ಭಗ್ನಾವಶೇಷದ ಲಾರಿಗೆ ಹಾಕದೆ ಹೊಸ ಗೋಡೆಯಲ್ಲಿ ಕೂರಿಸುವುದೂ ಈ ಕೃತಜ್ಞತೆಯ ಭಾಗವೇ.

ಸನ್ಮಾನಕ್ಕೆ ಮೊದಲು ಮುಗಿಸಬೇಕಾದ ಬಾಕಿ

ಕೂಲಿ ಪಡೆದು ದುಡಿದವರು ಸ್ವಯಂಸೇವಕರಲ್ಲ, ನಿಜ. ಆದರೆ ಉತ್ತರ ಕರ್ನಾಟಕದಿಂದಲೋ ಒಡಿಶಾದಿಂದಲೋ ಬಂದು, ತಗಡಿನ ಶೆಡ್ಡಿನಲ್ಲಿ ಮಳೆಗಾಲ ಕಳೆದು ಕಟ್ಟಿದವರನ್ನು ಪಟ್ಟಿಯಿಂದ ಹೊರಗಿಡುವುದು ಸಲ್ಲದು. ಪ್ರತಿಷ್ಠಾಪನಾ ವಿಧಿಯೂ ಅವರನ್ನು ಹೊರಗಿಟ್ಟಿಲ್ಲ. ಅವರಿಗೆ ಸಲ್ಲಬೇಕಾದ ಮೊದಲ ಕೃತಜ್ಞತೆಯೆಂದರೆ ಬಾಕಿ ಕೂಲಿ. ಮೇಸ್ತ್ರಿಯ ಕೊನೆಯ ಬಿಲ್ಲು ಬಾಕಿಯಿರುವಾಗ ಅವರಿಗೆ ಮೈಸೂರು ಪೇಟ ತೊಡಿಸುವ ಸಭೆಯಲ್ಲಿ ಚಪ್ಪಾಳೆ ತಟ್ಟುವುದು ಕಷ್ಟ. ಅವರು ಊರಿಗೆ ಮರಳುವ ಮುನ್ನ ಹೆಸರನ್ನೂ ಊರನ್ನೂ ಸರಿಯಾಗಿ ಬರೆದುಕೊಂಡು, ಎಲ್ಲರನ್ನೂ ಮುಗಿದ ಕಟ್ಟಡದ ಮುಂದೆ ನಿಲ್ಲಿಸಿ ಒಂದು ಫೋಟೊ ತೆಗೆಸಿರಿ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ ಹೋದವರೆಲ್ಲರೂ 1899ರಿಂದ 1901ರವರೆಗೆ ಅಲ್ಲಿ ಚಿತ್ರ ಬರೆದ ಅಂತೋನಿಯೊ ಮೊಸ್ಕೇನಿಯವರ ಹೆಸರು ಹೇಳುತ್ತಾರೆ. ಅವರಿಗೆ ಅಟ್ಟಣೆ ಕಟ್ಟಿಕೊಟ್ಟವರ ಹೆಸರನ್ನು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಜಗಳವಾಡಿ ನಡುವೆಯೇ ಸಮಿತಿ ಬಿಟ್ಟವರೂ ಇರುತ್ತಾರೆ. ಗೋಪುರದ ಎತ್ತರ, ಟೈಲ್ಸಿನ ಬಣ್ಣ, ಸ್ಮಶಾನದ ಕಡೆಯ ಗೇಟು, ಕಾರಣ ಯಾವುದೇ ಇರಲಿ, ಬಿಡುವ ತನಕ ಅವರು ಮಾಡಿದ ಕೆಲಸ ಕಟ್ಟಡದಲ್ಲಿಯೇ ಇದೆ. ಅವರ ಹೆಸರನ್ನು ಕೈಬಿಟ್ಟರೆ ಆ ಜಗಳ ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಆಮಂತ್ರಣವನ್ನು ಅಂಚೆಯಲ್ಲಿ ಹಾಕದೆ ಪಾಲನಾ ಮಂಡಳಿಯ ಉಪಾಧ್ಯಕ್ಷರೇ ಅವರ ಮನೆಗೆ ಒಯ್ಯಲಿ. ಕೆಲಸದ ನಡುವೆ ತೀರಿಕೊಂಡವರ ಹೆಸರನ್ನು ನವೆಂಬರ್ 2ರ ಮೃತರ ಸ್ಮರಣೆಯಂದು ಪೂಜೆಯಲ್ಲಿ ಓದಿಸಿ, ಅವರ ಪಾಲಿನ ಹಂಚನ್ನು ಮನೆಯವರಿಗೆ ತಲುಪಿಸಬೇಕು.

ದಕ್ಷಿಣ ಇಂಡಿಯಾ ಸಭೆಯ ಮತ್ತು ಇತರ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ವಿಧಿಯ ಕ್ರಮ ಬೇರೆ. ಅಲ್ಲಿ ಸಭಾಪಾಲಕರೊಂದಿಗೆ ಸಮಾಲೋಚಿಸಿ ಪ್ರತಿಷ್ಠಾಪನಾ ಆರಾಧನೆಯಲ್ಲಿಯೇ ಪುಸ್ತಕಕ್ಕೆ ಜಾಗ ಮಾಡಿಕೊಳ್ಳಬಹುದು. ಉಳಿದದ್ದೆಲ್ಲವೂ ಹಾಗೆಯೇ ಅನ್ವಯಿಸುತ್ತದೆ.

ಪುಸ್ತಕದ ಮೂಲಪ್ರತಿ ಚರ್ಚ್‌ನ ಕಬ್ಬಿಣದ ಕಪಾಟಿನಲ್ಲಿ ಜ್ಞಾನಸ್ನಾನ ಮತ್ತು ವಿವಾಹ ದಾಖಲೆಗಳ ಜೊತೆಗಿರಲಿ, ನಕಲೊಂದು ಧರ್ಮಪ್ರಾಂತ್ಯದ ಕಚೇರಿಗೆ ಹೋಗಲಿ. ಪ್ರತಿಷ್ಠಾಪನೆಯ ವಾರ್ಷಿಕ ದಿನವನ್ನು ಆಯಾ ಚರ್ಚ್‌ನಲ್ಲಿ ಮಹೋತ್ಸವವಾಗಿ ಆಚರಿಸಲು ಅವಕಾಶವಿರುವುದರಿಂದ, ಪ್ರತಿ ವರ್ಷವೂ ಆ ದಿನ ಒಂದು ವಾಳೆಯ ಪುಟಗಳನ್ನು ಓದಿಸುವ ಪದ್ಧತಿಯನ್ನಿಟ್ಟುಕೊಳ್ಳಬಹುದು. ಪುಸ್ತಕದ ಕೊನೆಯ ಹಾಳೆಗಳಲ್ಲಿ ನೆಲದಡಿಯ ಪೈಪು ಎಲ್ಲಿ ಹಾದುಹೋಗಿದೆ, ವಯರಿಂಗ್ ಮಾಡಿದವರು ಯಾರು, ಮಾಡಿನ ಮೂಲೆಯ ಸಂದಿಗೆ ಯಾವ ಸಾಮಗ್ರಿ ತುಂಬಿದ್ದು ಎಂಬುದನ್ನೂ ಬರೆಸಿಡಿರಿ. ಮೊದಲ ಮಳೆಗಾಲದಲ್ಲಿ ಎಲ್ಲಿಯಾದರೂ ಸೋರತೊಡಗಿದಾಗ, ಹೊಸದಾಗಿ ಬಂದ ಧರ್ಮಗುರುಗಳು ಯಾರಿಗೆ ಫೋನ್ ಮಾಡಬೇಕೆಂದು ನೋಡುವುದು ಅದನ್ನೇ.